ಹೊನ್ನಿ ಎಂದು ಕರೆದವಳು ನಾನೇ

ನಮ್ಮ ಕಡೆ ಮಗುವಿಗೆ ಹೆಸರು ಹೇಳುವ ಹಕ್ಕು ತಾಯಿಯದೂ ಅಲ್ಲ, ತಂದೆಯದೂ ಅಲ್ಲ, ಸೋದರತ್ತೆಯದು. ಹೆಸರನ್ನು ಯಾರು ಬೇಕಾದರೂ ಆರಿಸಲಿ, ತೊಟ್ಟಿಲಿಗೆ ಹಾಕುವ ದಿನ ಅದನ್ನು ಮಗುವಿನ ಕಿವಿಗೆ ಮುಟ್ಟಿಸಬೇಕಾದವಳು ತಂದೆಯ ಅಕ್ಕನೋ ತಂಗಿಯೋ. ಅವಳು ಬಗ್ಗಿ, ಕಿವಿಯ ಹತ್ತಿರ ಬಾಯಿ ಇಟ್ಟು, ‘ಕುರ್ರ್’ ಎಂದು ಸದ್ದು ಮಾಡಿ ಹೆಸರು ಹೇಳುತ್ತಾಳೆ. ಸರಿಯಾಗಿ ಅದೇ ಹೊತ್ತಿಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಚಿಕ್ಕವಳಿದ್ದಾಗ ನಾನು ಅವ್ವನನ್ನು ಕೇಳಿದ್ದೆ, ಯಾಕೆ ಗುದ್ದುತ್ತಾರೆ ಎಂದು.

“ತವರಿಗೆ ಬಂದು, ಉಂಡು, ಸೀರಿ ಉಡಿಸಿಕೊಂಡು ಹೋಗಾಕಿಗೆ ಅಷ್ಟರ ಬ್ಯಾಡೇನು?” ಎಂದಿದ್ದಳು ಅವ್ವ.

ಅದು ಮುದ್ದಿನ ಗುದ್ದು ಎನ್ನುತ್ತಾರೆ. ಗುದ್ದಿಸಿಕೊಂಡವರನ್ನು ಕೇಳಬೇಕು. ವರ್ಷವಿಡೀ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೆಲ್ಲ ಆ ಒಂದು ಗಳಿಗೆಯಲ್ಲಿ ತೀರಿಸಿಕೊಳ್ಳುವ ನೆಂಟರೂ ಇರುತ್ತಾರೆ. ಆ ಗದ್ದಲದಲ್ಲಿ ಅತ್ತೆ ಏನು ಹೇಳಿದಳೆಂದು ಯಾರಿಗೂ ಕೇಳಿಸುವುದಿಲ್ಲ. ಯಾರೂ ಕಿವಿಗೊಡುವುದೂ ಇಲ್ಲ, ಏಕೆಂದರೆ ಹೆಸರು ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಅತ್ತೆ ಅದನ್ನೇ ಹೇಳಿರುತ್ತಾಳೆ ಎಂಬುದು ನಂಬಿಕೆ.

ನಾನು ಅದನ್ನು ಹೇಳಲಿಲ್ಲ.

ಮುಂದೆ ಬರೆಯುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಐದನೇ ತರಗತಿಗೆ ಶಾಲೆ ಬಿಟ್ಟವಳು. ಬಡತನ ಬಿಡಿಸಿತು ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜವಾಗಿ ಬಿಡಿಸಿದವನು ನನ್ನ ತಮ್ಮ. ಅವನು ಹುಟ್ಟಿದ ವರ್ಷ ಅವ್ವ ಹೊಲಕ್ಕೆ ಹೋಗಬೇಕಿತ್ತು, ಅಪ್ಪ ಕುರಿಗಳ ಹಿಂದೆ ಹೋಗಬೇಕಿತ್ತು. ಕೂಡ್ಲಿಗಿ ತಾಲ್ಲೂಕಿನ ನಮ್ಮೂರಿನಲ್ಲಿ ಅವನನ್ನು ಹೊರಲು ಬಿಡುವಿದ್ದ ಸೊಂಟ ನನ್ನದೊಂದೇ. ಅವನು ಮುಂದೆ ಓದಿ, ಐಟಿಐ ಮುಗಿಸಿ, ಹರಪನಹಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ. ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದು ಸೀರೆಯ ಜಂಪರ್ ಹೊಲಿಯುವುದನ್ನು ಕಲಿತೆ. ಅಳತೆ ಬರೆದುಕೊಳ್ಳುವುದಕ್ಕೆ, ಪೇಪರ್ ಓದುವುದಕ್ಕೆ, ಈಗ ಇದನ್ನು ಬರೆಯುವುದಕ್ಕೆ ಬೇಕಾದಷ್ಟು ಅಕ್ಷರ ಕೈಯಲ್ಲಿ ಉಳಿದಿದೆ. ತಪ್ಪಿದ್ದರೆ ತಮ್ಮನ ಹೆಂಡತಿ ತಿದ್ದಲಿ. ಅವಳು ಶಾಲೆಯ ಟೀಚರು, ಪರರ ತಪ್ಪು ಕಂಡರೆ ಅವಳ ಮುಖ ಅರಳುತ್ತದೆ.

ಅವ್ವನ ಹೆಸರು ಹೊನ್ನಿ. ರೇಷನ್ ಕಾರ್ಡಿನಲ್ಲಿ ಹೊನ್ನಮ್ಮ, ಊರವರ ಬಾಯಲ್ಲಿ ಹೊನ್ನವ್ವ, ಅಪ್ಪನಿಗೆ ಮತ್ತು ಅವಳ ತವರಿನವರಿಗೆ ಬರೀ ಹೊನ್ನಿ. ಹೊನ್ನು ಎಂದರೆ ಬಂಗಾರ ಎಂದು ಎಲ್ಲರಿಗೂ ಗೊತ್ತು, ಆದರೆ ಈಗ ಯಾರೂ ಅಂಗಡಿಗೆ ಹೋಗಿ ಹೊನ್ನು ತೋರಿಸಿ ಎನ್ನುವುದಿಲ್ಲ. ಆ ಮಾತು ಈಗ ಉಳಿದಿರುವುದು ಸೋಬಾನೆ ಪದ ಹಾಡುವವರ ಬಾಯಲ್ಲಿ ಮತ್ತು ನಮ್ಮವ್ವನಂಥವರ ಹೆಸರಿನಲ್ಲಿ. ಅವ್ವನ ಬಣ್ಣಕ್ಕೂ ಹೆಸರಿಗೂ ಮಾತುಕತೆ ಇರಲಿಲ್ಲ. ಎರೆ ಹೊಲ ಮಳೆಗೆ ನೆಂದಾಗ ಯಾವ ಬಣ್ಣವೋ ಅದು ಅವ್ವನ ಬಣ್ಣ.

ಅಪ್ಪ ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ, “ಹೊನ್ನು ಅಂತ ಮದಿವಿ ಆಗಿ ತಂದ್ನೆಪ್ಪ. ಮನಿಗೆ ಬಂದು ತಿಕ್ಕಿ ನೋಡ್ತೀನಿ, ಕಬ್ಬಿಣ!” ಎನ್ನುತ್ತಿದ್ದ.

ಅವ್ವ ಒಳಗಿನಿಂದಲೇ, “ಕಬ್ಬಿಣ ಆಗಿದ್ದಕ್ಕ ಇನ್ನೂ ಮನ್ಯಾಗ ಅದೀನಿ. ಹೊನ್ನು ಆಗಿದ್ರ ಯಾವಾಗ್ಲೋ ಅಡಾ ಇಟ್ಟು ಬರ್ತಿದ್ದಿ,” ಎನ್ನುತ್ತಿದ್ದಳು. ಅಪ್ಪ ಮತ್ತೆ ಮಾತು ಬೆಳೆಸಿದರೆ ಬಾಯಿ ಅಗಲ ತೆರೆದು ಆಕಳಿಸುತ್ತಿದ್ದಳು. ಯಾರು ಎಷ್ಟೇ ದೊಡ್ಡ ಮಾತು ಆಡಲಿ, ಅದು ಸಾಕೆನಿಸಿದರೆ ಅವ್ವ ಆಕಳಿಸುವಳು. ಮದುವೆ ಮಾತಿಗೆ ಬಂದ ಬೀಗರ ಎದುರಿಗೂ ಒಮ್ಮೆ ಆಕಳಿಸಿದ್ದಳು. ಆ ಬೀಗರೇ ಈಗ ನನ್ನ ಅತ್ತೆ ಮಾವ.

ಅವಳಿಗೆ ಆ ಹೆಸರು ಬಂದ ಕತೆಯನ್ನು ಅವಳೇ ಹೇಳುತ್ತಿದ್ದಳು, ಮತ್ತು ಪ್ರತಿಸಲವೂ ತಾನೇ ಕಣ್ಣಾರೆ ನೋಡಿದವಳಂತೆ ಹೇಳುತ್ತಿದ್ದಳು. ಅವಳ ತವರು ಹಡಗಲಿ ಕಡೆಯ ಹಳ್ಳಿ. ಅವರ ಮನೆತನದಲ್ಲಿ ತೊಟ್ಟಿಲಿಗೆ ಹಾಕುವಾಗ ಮಗುವಿನ ಮೈಗೆ ಗುಂಜಿಯಷ್ಟಾದರೂ ಬಂಗಾರ ತಾಗಿಸಬೇಕು, ಅದನ್ನು ಸೋದರತ್ತೆಯೇ ತರಬೇಕು. ಅವ್ವನ ಸೋದರತ್ತೆ ತರುತ್ತೇನೆ ಎಂದು ಊರೆಲ್ಲ ಹೇಳಿಕೊಂಡಿದ್ದಳಂತೆ. ಕಾರ್ಯದ ದಿನ ಬಂತು, ಬಂಗಾರ ಹೊಂದಿಸಲಾಗಲಿಲ್ಲ. ಬರಿಗೈಯಲ್ಲಿ ನಡೆದು ಬರುವಾಗ ಹೊಲದ ಬದುವಿನ ಮೇಲೆ ತಂಗಡಿ ಗಿಡ ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು. ಯಾರೂ ನೆಡದ, ಯಾರೂ ನೀರು ಹಾಕದ, ಕುರಿಯೂ ಅಷ್ಟಾಗಿ ಬಾಯಿ ಹಾಕದ ಗಿಡ ಅದು. ಅವಳು ಉಡಿ ತುಂಬ ಆ ಹೂ ಕಿತ್ತುಕೊಂಡು ಬಂದು ತೊಟ್ಟಿಲಿಗೆ ಸುರಿದಳು.

“ಬಂಗಾರ ಎಲ್ಲಿ?” ಎಂದರಂತೆ ಎಲ್ಲರೂ.

“ಕಣ್ಣು ಕಾಣಂಗಿಲ್ಲೇನು? ಮುಳುಗೋ ಅಷ್ಟು ಹಾಕೀನಿ. ಎಷ್ಟು ಬೇಕೋ ತಕ್ಕೋರಿ,” ಎಂದಳಂತೆ. ಅದೇ ಉಸಿರಿನಲ್ಲಿ ಬಗ್ಗಿ ಕಿವಿಯಲ್ಲಿ ಹೊನ್ನಿ ಎಂದಳಂತೆ. ಅಲ್ಲಿಯವರೆಗೆ ಮನೆಯವರು ಇಡಬೇಕೆಂದಿದ್ದ ಹೆಸರು ಏನಿತ್ತೋ ಅವ್ವನಿಗೂ ಗೊತ್ತಿಲ್ಲ. ಆ ದಿನ ಗುದ್ದುಗಳು ಜೋರಾಗಿಯೇ ಬಿದ್ದಿರಬೇಕು.

ಈ ಕತೆ ಕೇಳಿ ಬೆಳೆದವಳು ನಾನು. ತಮ್ಮನೂ ಕೇಳಿದ್ದಾನೆ, ಆದರೆ ಅವನು ಕತೆ ಮುಗಿಯುವ ಮೊದಲೇ ನಿದ್ದೆ ಹೋಗುವ ಜಾತಿ.

ಅವ್ವ ತೀರಿಕೊಂಡ ಮರುವರ್ಷ ತಮ್ಮನಿಗೆ ಮಗಳು ಹುಟ್ಟಿದಳು. ತಮ್ಮನ ಹೆಂಡತಿ ದಾವಣಗೆರೆ ಕಡೆಯವಳು, ಮಾತು ಮೆತ್ತಗೆ, ಹಟ ಗಟ್ಟಿ. ಬಾಣಂತನ ಮುಗಿಸಿ ಹರಪನಹಳ್ಳಿಗೆ ಬಂದ ಮೇಲೆ ಕಾರ್ಯ ಇಟ್ಟುಕೊಂಡರು. ಒಂದು ದಿನ ಮೊದಲು ನಾನು ಹೋದೆ. ಅವಳು ಮೊಬೈಲು ಹಿಡಿದು ಕೂತಿದ್ದಳು.

“ಅಕ್ಕ, ಚಿಕ್ಕದಾಗಿರ್ಬೇಕು, ಎರಡೇ ಅಕ್ಷರ. ಅರ್ಥ ಇರ್ಬೇಕು. ಕರೆಯೋಕೆ ಸಲೀಸಾಗಿರ್ಬೇಕು,” ಎಂದಳು.

“ಹೊನ್ನಿ ಇಡ್ರಿ ಮತ್ತ. ಎರಡೇ ಅಕ್ಷರ. ಅರ್ಥ ಬಂಗಾರ. ಕರಿಯಾಕ ಎಷ್ಟು ಸಲೀಸು ಅಂದ್ರ, ನಮ್ಮಪ್ಪ ಊರಾಚಿ ಹೊಲದಾಗ ನಿಂತು ಕರದ್ರ ಮನ್ಯಾಗ ಕೇಳ್ತಿತ್ತು,” ಎಂದೆ.

ತಮ್ಮ ಎದ್ದು ಬಿದ್ದು ನಕ್ಕ. “ಯಕ್ಕಾ, ಈಗ ಎಮ್ಮಿಗೂ ಯಾರೂ ಹೊನ್ನಿ ಅಂತ ಇಡಂಗಿಲ್ಲ ಬಿಡು!”

ತಮ್ಮನ ಹೆಂಡತಿ ನಗಲಿಲ್ಲ. “ಹೆಸರು ಚೆನ್ನಾಗೇ ಐತೆ ಅಕ್ಕ. ಆದ್ರೆ ಸ್ಕೂಲಲ್ಲಿ ಮಕ್ಕಳು ಆಡ್ಕೊಂತಾರೆ. ನಾನು ದಿನಾ ನೋಡ್ತೀನಲ್ವಾ,” ಎಂದಳು. ಅವಳು ಹೇಳಿದ್ದು ಸುಳ್ಳಲ್ಲ.

ಕೊನೆಗೆ ಅವರು ಆರಿಸಿದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ತಪ್ಪು ಬರೆದೇನು ಎಂಬ ಹೆದರಿಕೆ. ಅದೂ ಎರಡೇ ಅಕ್ಷರ, ಆದರೆ ಮೊದಲನೆಯದಕ್ಕೆ ಒಂದು ಒತ್ತು, ಎರಡನೆಯದಕ್ಕೆ ಇನ್ನೊಂದು. ಅಕ್ಷರ ಎರಡಾದರೂ ನಾಲಿಗೆಗೆ ನಾಲ್ಕು ಕೆಲಸ. ದೇವಿಯ ಯಾವುದೋ ಹೆಸರು ಅದು, ಒಳ್ಳೆಯ ಅರ್ಥವೂ ಇದೆ. ತಮ್ಮನ ಹೆಂಡತಿ ನನಗೆ ಕಲಿಸಿದಳು. ಒಲೆಯ ಮುಂದೆ ಹೇಳಿದೆ, ಬಚ್ಚಲಲ್ಲಿ ಹೇಳಿದೆ, ಬೆಳಿಗ್ಗೆ ಎದ್ದು ರಂಗೋಲಿ ಹಾಕುತ್ತಾ ಹೇಳಿದೆ. ನನ್ನ ಬಾಯಲ್ಲಿ ಅದು ಬಂದಾಗಲೆಲ್ಲ ತಮ್ಮ ಬಾಗಿಲ ಮರೆಯಲ್ಲಿ ನಿಂತು ಮುಸಿಮುಸಿ ನಗುತ್ತಿದ್ದ.

ಕಾರ್ಯ ಚೆನ್ನಾಗಿ ನಡೆಯಿತು. ಮೊದಲು ಒಳಕಲ್ಲಿನ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕೂಸಿನ ಕುಂಚಿಗೆ ಹೊದಿಸಿ, ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಆಮೇಲೆ ಗುಂಡನ್ನು ತೆಗೆದು ಕೂಸನ್ನು ಮಲಗಿಸಿದರು. ನಾನು ಬಗ್ಗಿದೆ, ಕುರ್ರ್ ಎಂದೆ. ಬೆನ್ನ ಮೇಲೆ ದಬದಬ ಬಿದ್ದವು.

ಆ ಗಳಿಗೆಯಲ್ಲಿ ಏನಾಯಿತು ಎಂದು ತಮ್ಮನಿಗೆ ನಾನು ಹೇಳಿದ್ದು ಒಂದು, ಆದದ್ದು ಒಂದು. ಹೇಳಿದ್ದು ಹೀಗೆ: ಮೊದಲ ಗುದ್ದಿಗೇ ಹೊಸ ಹೆಸರು ತಲೆಯಿಂದ ಹಾರಿಹೋಯಿತು, ಬಾಯಿಗೆ ಬಂದದ್ದು ಅವ್ವನ ಹೆಸರು, ಹೇಳಿಬಿಟ್ಟೆ. ಆದದ್ದನ್ನು ಮುಂದೆ ಬರೆಯುತ್ತೇನೆ. ಅಂತೂ ಕೂಸಿನ ಕಿವಿಗೆ ಹೋದದ್ದು ಹೊನ್ನಿ. ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿತು. ನಾನು ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡು, ಎಲ್ಲರೂ ಸಕ್ಕರೆ ಹಂಚುವಾಗ ನಾನೂ ಹಂಚಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಮಾತು ಮರೆತುಹೋಗುತ್ತಿತ್ತು. ನಾನು ಬಿಡಲಿಲ್ಲ.

ರಜೆ ಮುಗಿದು ತಮ್ಮನ ಹೆಂಡತಿ ಮತ್ತೆ ಶಾಲೆಗೆ ಹೋಗಬೇಕಾಯಿತು. ಕೂಸನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನನ್ನ ಮಕ್ಕಳು ದೊಡ್ಡವರಾಗಿದ್ದರು, ಹೊಲಿಗೆ ಮಿಷನ್ನು ಮನೆಯಲ್ಲೇ ಇತ್ತು. ವಾರವೆಲ್ಲ ಕೂಸು ಕೊಟ್ಟೂರಿನಲ್ಲಿ ನನ್ನ ಹತ್ತಿರ, ಶನಿವಾರ ಸಂಜೆ ಅವರು ಬಂದು ಕರೆದೊಯ್ಯುವುದು, ಸೋಮವಾರ ತಂದು ಬಿಡುವುದು. ಶಾಲೆಗೆ ಸೇರಿಸುವವರೆಗೂ ಹೀಗೇ ನಡೆಯಿತು.

ಅವರು ಬಸ್ಸು ಹತ್ತಿದ ಕೂಡಲೇ ಅದು ಹೊನ್ನಿ. “ಹೊನ್ನೀ, ಬಾರವ್ವಾ.” “ಹೊನ್ನೀ, ಕತ್ರಿ ಮುಟ್ಟಬ್ಯಾಡ.” “ಹೊನ್ನಿ ಉಂಡ್ಲೇನು? ಹೊನ್ನಿ ಮಲಗ್ಯಾಳೇನು?” ದಿನಕ್ಕೆ ಎಷ್ಟು ಸಲ ಕರೆಯುತ್ತಿದ್ದೆನೋ! ಕೆಲಸವಿಲ್ಲದಿದ್ದರೂ ಕರೆಯುತ್ತಿದ್ದೆ. ಅದು ತಿರುಗಿ ನೋಡುತ್ತಿತ್ತು, ಅಷ್ಟೇ ನನಗೆ ಬೇಕಾಗಿದ್ದುದು.

ಇದನ್ನು ಹೇಗೆ ಹೇಳಲಿ? ತಾಯಿಯನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆಯೇ? ಅವಳು ಬದುಕಿದ್ದಷ್ಟು ದಿನ ಹೊನ್ನಿ ಎಂಬ ಮಾತು ನನ್ನ ಬಾಯಿಂದ ಹೊರಟಿದ್ದೇ ಇಲ್ಲ. ಅಪ್ಪ ಕರೆದ, ಅವಳ ಅಣ್ಣತಮ್ಮಂದಿರು ಕರೆದರು. ನನಗೆ ಅವಳು ಬರೀ ಅವ್ವ. ಅವಳು ಹೋದ ಮೇಲೆ, ಅಪ್ಪ ಅವಳಿಗಿಂತ ಮೊದಲೇ ಹೋಗಿದ್ದರಿಂದ, ಆ ಹೆಸರನ್ನು ಕೂಗುವವರೇ ಇರಲಿಲ್ಲ. ನನಗೆ ಅದನ್ನು ಗಟ್ಟಿಯಾಗಿ ಕರೆಯಬೇಕು, ಯಾರಾದರೂ ಓ ಎನ್ನಬೇಕು ಎಂಬ ಆಸೆ ಒಂದು ಒಳಗೇ ಕೂತಿತ್ತು. ಕೂಸು ಸಿಕ್ಕಿತು.

ಆದರೆ ಕಳ್ಳತನಕ್ಕೆ ಎಷ್ಟು ಕೆಲಸ! ಶನಿವಾರ ಮಧ್ಯಾಹ್ನವಾದರೆ ಓಣಿಯ ತುಂಬ ಹೇಳಿಕೊಂಡು ಬರಬೇಕು. “ಇವತ್ತು ನಮ್ಮ ತಮ್ಮ ಬರ್ತಾನ, ಯಾರೂ ಹೊನ್ನಿ ಅನ್ನಬ್ಯಾಡ್ರಿ.” ನಮ್ಮತ್ತೆಗೆ ಒಂದು ವಾರ ನೆನಪಿದ್ದರೆ ಇನ್ನೊಂದು ವಾರ ಇಲ್ಲ. ಎದುರು ಮನೆಯ ಬಳೆಗಾರ್ತಿ ಬೀಬಿಗಂತೂ ಕೂಸನ್ನು ಕಂಡರೆ ಜೀವ. ಒಂದು ಶನಿವಾರ ತಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಅವಳು ಬಳೆ ಬುಟ್ಟಿ ಹೊತ್ತು ಬಂದು, “ಹೊನ್ನೀ, ಬಾ ಬೇಟಿ, ನಿನ್ನ ಕೈಗೆ ಸಣ್ಣ ಬಳಿ ತಂದೀನಿ,” ಎಂದು ಕೂಗಿಯೇಬಿಟ್ಟಳು.

ತಮ್ಮ ತಲೆ ಎತ್ತಿದ. “ಏನಂತ ಕರದ್ರು ಆ ಬೀಬಮ್ಮ?”

“ಬಂಗಾರ ಅಂತಾರಲ್ಲ ಮುದ್ದಿಗೆ, ಹಂಗ. ಹಳೇ ಕಾಲದವರು ಹೊನ್ನು ಅಂತಾರ,” ಎಂದೆ.

“ಹೌದಾ?” ಎಂದು ಅವನು ಚಹಾ ಮುಗಿಸಿದ. ಬೀಬಿ ನಾಲಿಗೆ ಕಚ್ಚಿಕೊಂಡು ಒಂದು ಡಜನ್ ಬಳೆಯನ್ನು ಕೂಸಿಗೆ ಸುಮ್ಮನೆ ಇಟ್ಟುಹೋದಳು.

ಮಾತು ಬಂದ ಮೇಲೆ ಕೂಸೇ ಹೇಳಿಬಿಡುತ್ತದೆ ಎಂದು ಹೆದರಿದೆ. ಆಗ ನಾನು ಮಾಡಿದ್ದು ಎಲ್ಲಕ್ಕಿಂತ ಕೆಟ್ಟ ಕೆಲಸ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಹೊನ್ನಿ ಅನ್ನಾದು ನಮ್ಮಿಬ್ಬರದಾ ಹೆಸರು. ಅಪ್ಪಗ, ಅಮ್ಮಗ ಹೇಳಿದ್ರ ಓಡಿ ಹೋಗ್ತೈತಿ,” ಎಂದೆ. ಕೂಸು ದೊಡ್ಡ ಕಣ್ಣು ಮಾಡಿ ತಲೆಯಾಡಿಸಿತು. ಇಷ್ಟು ದೊಡ್ಡವರ ಹೊಟ್ಟೆಯಲ್ಲಿ ಒಂದು ಮಾತು ಒಂದು ದಿನ ನಿಲ್ಲುವುದಿಲ್ಲ. ಆ ಕೂಸಿನ ಹೊಟ್ಟೆಯಲ್ಲಿ ವರ್ಷಗಟ್ಟಲೆ ನಿಂತಿತು. ಅದನ್ನು ನೋಡಿ ನಾನು ಹೆಮ್ಮೆ ಬೇರೆ ಪಟ್ಟೆ.

ಅದನ್ನು ಹರಪನಹಳ್ಳಿಯಲ್ಲಿ ಶಾಲೆಗೆ ಹಾಕಿದರು. ಆಮೇಲೆ ರಜೆಯ ದಿನ ಮಾತ್ರ ನನ್ನ ಹತ್ತಿರ ಬರುತ್ತಿತ್ತು. ಕೆಲವು ತಿಂಗಳಿಗೆ ತಮ್ಮನ ಫೋನು ಬಂತು.

“ಯಕ್ಕಾ, ಕೂಸಿಗೆ ಕಿವಿ ಸರಿಯಾಗಿ ಕೇಳವಲ್ದು ಕಾಣ್ತೈತಿ. ಕ್ಲಾಸಿನ್ಯಾಗ ಹೆಸರು ಕರದ್ರ ತಿರುಗಿ ನೋಡಂಗಿಲ್ಲಂತ. ಮನ್ಯಾಗೂ ಹಂಗ, ಆಡಾಕ ಕುಂತ್ಲು ಅಂದ್ರ ನಾಕು ಸಲ ಕರೀಬೇಕು. ಕಿವಿ ಡಾಕ್ಟ್ರಿಗೆ ತೋರಿಸಬೇಕು. ನೀನೂ ಬಾ, ನೀನು ಇದ್ರ ಹಟ ಮಾಡಂಗಿಲ್ಲ.”

ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಅವಳ ಕಿವಿಗೆ ಏನೂ ಆಗಿಲ್ಲ ಎಂದು ನನಗೆ ಗೊತ್ತಿತ್ತು. ಮೂರು ಮನೆಯಾಚೆ ಮಿಠಾಯಿ ಕಾಗದ ಬಿಚ್ಚಿದರೆ ಕೇಳಿಸಿಕೊಳ್ಳುವ ಕಿವಿ ಅದು. ಆಗಲೇ ಫೋನಿನಲ್ಲೇ ಹೇಳಬೇಕಿತ್ತು. “ಬರ್ತೀನಿ ಬಿಡು,” ಎಂದಷ್ಟೇ ಹೇಳಿದೆ. ಮರುದಿನ ಬಸ್ಸು ಹತ್ತುವ ಮೊದಲು ಬಸವೇಶ್ವರನ ಗುಡಿಗೆ ಹೋಗಿ ಕೈಮುಗಿದು, ಕಿವಿಯಲ್ಲಿ ಸ್ವಲ್ಪ ಗುಗ್ಗೆಯಾದರೂ ಸಿಗಲಪ್ಪ ಎಂದು ಬೇಡಿಕೊಂಡೆ. ಅಂಥ ಬೇಡಿಕೆಯನ್ನು ಅವನು ಅಲ್ಲಿಯವರೆಗೆ ಕೇಳಿರಲಿಕ್ಕಿಲ್ಲ.

ದವಾಖಾನೆಯ ಹೊರಗೆ ತಮ್ಮನ ಮುಖ ನೋಡಿದೆ. ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಬಸ್ಸಿನ ಎಂಜಿನ್ನಿಗೆ ಕಿವಿಯಿಟ್ಟು ರೋಗ ಹೇಳುವವನು, ಮಗಳ ಕಿವಿಯ ಮುಂದೆ ಚಿಟಿಕೆ ಹೊಡೆದು ಹೊಡೆದು ನೋಡುತ್ತಿದ್ದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಒಳಗೆ ಡಾಕ್ಟರಮ್ಮ ಬೆಳಕು ಹಾಕಿ ನೋಡಿದರು, ಹಿಂದೆ ನಿಂತು ಸಣ್ಣ ದನಿಯಲ್ಲಿ ಏನೇನೋ ಕೇಳಿದರು. ಕೂಸು ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟಿತು. ಆಮೇಲೆ ಶಾಲೆಯಲ್ಲಿ ಬರೆಸಿದ ಹೆಸರು ಹಿಡಿದು ಕರೆದರು. ಅದು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಕಿವಿಯನ್ನು ನೋಡುತ್ತಾ ಕೂತಿತು.

ಡಾಕ್ಟರಮ್ಮ ನಕ್ಕರು. “ಕಿವಿ ಬಹಳ ಚೆನ್ನಾಗಿವೆ. ಗುಗ್ಗೆ ಕೂಡ ಇಲ್ಲ. ಮನೇಲಿ ಬೇರೆ ಹೆಸರಿಂದ ಕರೀತೀರಾ?”

“ಇಲ್ರಿ ಮೇಡಮ್ಮಾರ,” ಎಂದ ತಮ್ಮ.

“ಒಂದೊಂದ್ಸಲ ಬಂಗಾರಿ ಅಂತೀನಿ, ಅಷ್ಟೇ,” ಎಂದಳು ಅವನ ಹೆಂಡತಿ.

ನಾನು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಕೂಸು ನನ್ನನ್ನು ನೋಡಿತು.

“ಅತ್ತೀ, ಹೇಳ್ಲಾ?” ಎಂದಿತು.

“ಏನನ್ನ ಹೇಳೋದು?” ಎಂದಳು ಅದರ ತಾಯಿ.

“ನಂದು ಅತ್ತೀದು ಹೆಸರು. ಹೇಳಬಾರ್ದು ಅಂತ ಅತ್ತಿ ಹೇಳ್ಯಾಳ. ಹೇಳಿದ್ರ ಓಡಿ ಹೋಗ್ತೈತಂತ.”

ಆ ಕೋಣೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಪ್ಲಾಸ್ಟಿಕ್ಕಿನ ಕಿವಿಯೂ ತಿರುಗಿದಂತೆ ಅನಿಸಿತು.

ಮನೆಗೆ ಬಂದ ಮೇಲೆ ತಮ್ಮ ಕೇಳಿದ. “ಯಾವಾಗಿಂದ?”

“ತೊಟ್ಟಿಲಿಗೆ ಹಾಕಿದ ದಿನದಿಂದ.”

“ಅಂದ್ರ, ಕಿವ್ಯಾಗ ಹೇಳಿದ್ದು?”

“ಗುದ್ದು ಬಿದ್ವಪ್ಪ. ಹೊಸಾ ಹೆಸರು ಮರ್ತುಬಿಟ್ಟೆ. ಬಾಯಿಗೆ ಅವ್ವನ ಹೆಸರು ಬಂತು.”

ಅವನು ನಕ್ಕುಬಿಟ್ಟ. “ನಮ್ಮ ಹೆಂಗಸರು ಗುದ್ದೋ ಗುದ್ದಿಗೆ ತಮ್ಮ ಹೆಸರೂ ಮರೀತಾರ ಬಿಡು.” ಮಗಳ ಕಿವಿ ಚೆನ್ನಾಗಿದೆ ಎಂಬ ಸಮಾಧಾನದಲ್ಲಿ ಅವನಿಗೆ ಇನ್ನೇನೂ ಬೇಕಿರಲಿಲ್ಲ. ಅಕ್ಕ ಹೇಳಿದಳು ಎಂದರೆ ಅವನಿಗೆ ಮುಗಿಯಿತು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಕ್ಕೆ ನನಗೆ ಸಿಕ್ಕ ನಂಬಿಕೆ ಅದು, ಅದರ ಮರೆಯಲ್ಲಿ ನಾನು ನಿಂತೆ.

ತಮ್ಮನ ಹೆಂಡತಿ ನಗಲಿಲ್ಲ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದಾಗ ಬಂದಳು.

“ಹೆಸರಿಗೆ ನಂಗೆ ಬೇಜಾರಿಲ್ಲ ಅಕ್ಕ. ನೀವು ಕರೀತೀನಿ ಅಂದಿದ್ರೆ ನಾನು ಬ್ಯಾಡ ಅಂತಿದ್ನಾ? ನನ್ನ ಮಗಳಿಗೆ ನನ್ನ ಹತ್ರ ಮಾತು ಮುಚ್ಚಿಡೋದು ಕಲಿಸಿದ್ರಲ್ಲ, ಅದಕ್ಕೆ ಬೇಜಾರು.”

ನಾನು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ.

ಆಮೇಲೆ ಕೆಲವು ವಾರ ಕೂಸು ಕೊಟ್ಟೂರಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ, ಯಾವ ಬಾಯಿಂದ ಕರೆಯಲಿ? ಬೀಬಿ ಮಾತ್ರ ದಿನಾ ಬಾಗಿಲಿಗೆ ಬಂದು, “ಹೊನ್ನಿ ಬರ್ಲಿಲ್ಲೇನು?” ಎಂದು ಕೇಳಿ ನನ್ನ ಹೊಟ್ಟೆಗೆ ಖಾರ ಹಾಕುತ್ತಿದ್ದಳು.

ಒಂದು ಭಾನುವಾರ ತಾಯಿ ಮಗಳು ಇಬ್ಬರೂ ಹೇಳದೆ ಕೇಳದೆ ಬಂದಿಳಿದರು. ತಮ್ಮನ ಹೆಂಡತಿ ಚೀಲದಿಂದ ಜಂಪರ್ ಬಟ್ಟೆ ತೆಗೆದು ಮಿಷನ್ನಿನ ಮೇಲೆ ಇಟ್ಟಳು.

“ಸೊಂಟ ಸಡಿಲ ಇರ್ಲಿ ಅಕ್ಕ. ಇನ್ನೂ ಐದು ತಿಂಗಳು ಹಾಕ್ಕೋಬೇಕು,” ಎಂದಳು. ನಾನು ಟೇಪು ಹಿಡಿದುಕೊಂಡೇ ಅವಳ ಮುಖ ನೋಡಿದೆ. ಎರಡನೆಯದು ಬರುತ್ತಿದೆ ಎಂದು ಅವಳು ನನಗೆ ಹೇಳಿದ ರೀತಿ ಅದು.

ಅಳತೆ ಮುಗಿದ ಮೇಲೆ ಅವಳೇ ಕೇಳಿದಳು. “ಇವಳು ದಿನಾ ಕೇಳ್ತಾಳೆ, ಹೊನ್ನಿ ಅಂದ್ರೇನು, ಯಾರು ಇಟ್ರು ಅಂತ. ನಂಗೆ ಗೊತ್ತಿಲ್ಲ. ಹೇಳಿ, ಇಬ್ಬರೂ ಕೇಳ್ತೀವಿ.”

ನಾನು ಹೇಳಿದೆ. ಬಂಗಾರ ತರುತ್ತೇನೆ ಎಂದ ಅತ್ತೆ, ಬರಿಗೈ, ಬದುವಿನ ಗಿಡ, ಉಡಿ ತುಂಬ ಹಳದಿ ಹೂ. ಅವ್ವನ ಹಾಗೆಯೇ, ಕಣ್ಣಾರೆ ನೋಡಿದವಳಂತೆ ಹೇಳಿದೆ. ಕೂಸು ಬಾಯಿ ತೆರೆದು ಕೇಳಿತು. ಅದರ ತಾಯಿ ಮಾತ್ರ ಏನೋ ಯೋಚಿಸುತ್ತಿದ್ದಳು.

“ತಂಗಡಿ ಅಂದ್ರೆ ರೈಲು ಹಳಿ ಪಕ್ಕ ಬೆಳೀತೈತಲ್ಲ, ಅದೇನಾ?”

“ಅದೇ.”

“ಅಕ್ಕ, ಪುಸ್ತಕದಲ್ಲಿ ಅದಕ್ಕೆ ಹೊನ್ನಾವರಿಕೆ ಅಂತಾರೆ. ಆ ಅತ್ತೆ ಸುಮ್ನೆ ಏನೂ ಹೇಳಿಲ್ಲ. ಗಿಡದಲ್ಲೇ ಹೊನ್ನು ಐತೆ,” ಎಂದಳು. ಇಷ್ಟು ವರ್ಷ ಅವ್ವನ ಕತೆ ಹೇಳಿಕೊಂಡು ತಿರುಗಿದವಳು ನಾನು, ಅದು ನನಗೆ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ.

ಸಂಜೆ ಮೂವರೂ ಹಳಿಯ ಪಕ್ಕ ನಡೆದು ಹೋದೆವು. ಕೂಸು ಎರಡು ಹೂಗೊಂಚಲು ಕಿತ್ತು, ಒಂದನ್ನು ತಾಯಿಗೆ, ಒಂದನ್ನು ನನಗೆ ಕೊಟ್ಟಿತು. ತಾಯಿ ಮಗಳನ್ನು ನಿಲ್ಲಿಸಿಕೊಂಡು ಟೀಚರ್ ದನಿಯಲ್ಲಿ ಹೇಳಿದಳು. “ಮನೇಲಿ ಹೊನ್ನಿ. ಸ್ಕೂಲಲ್ಲಿ ಇನ್ನೊಂದು. ಎರಡಕ್ಕೂ ಓ ಅನ್ಬೇಕು. ಯಾವ ಹೆಸರೂ ಓಡಿ ಹೋಗಲ್ಲ. ಅದು ಅತ್ತೆ ಹೇಳಿದ ಸುಳ್ಳು.” ಹೇಳಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈಗ ಗಂಡು ಕೂಸು ಹುಟ್ಟಿದೆ. ತೊಟ್ಟಿಲ ಕಾರ್ಯ ಬರುವ ವಾರ. ತಮ್ಮ ಫೋನು ಮಾಡಿ, “ಯಕ್ಕಾ, ಹೆಸರು ನೀನೇ ಹೇಳಬೇಕು. ಈ ಸಲ ಒತ್ತಕ್ಷರ ಇಲ್ಲದ್ದು ಆರಿಸೀವಿ, ನೀನು ಮರೀಬಾರ್ದು ಅಂತ,” ಎಂದ. ನನಗಾಗಿ ಹೆಸರನ್ನೇ ಸುಲಭ ಮಾಡಿದ್ದಾನೆ! ಅಂದಿನಿಂದ ನನಗೆ ನೆಮ್ಮದಿ ಇಲ್ಲ.

ಏಕೆಂದರೆ ನಾನು ಮರೆತಿರಲಿಲ್ಲ. ಆದದ್ದನ್ನು ಬರೆಯುತ್ತೇನೆ ಎಂದೆನಲ್ಲ, ಅದು ಇದು. ಅಂದು ತೊಟ್ಟಿಲ ಮೇಲೆ ಬಗ್ಗಿದಾಗ ಹೊಸ ಹೆಸರು ಒತ್ತುಗಳ ಸಮೇತ ನಾಲಿಗೆಯ ತುದಿಯಲ್ಲಿ ಸರಿಯಾಗಿ ಕೂತಿತ್ತು. ಹಿಂದಿನ ದಿನ ತಮ್ಮ ‘ಎಮ್ಮಿಗೂ ಇಡಂಗಿಲ್ಲ’ ಎಂದು ನಕ್ಕಿದ್ದು ನನ್ನೊಳಗೆ ಚುಚ್ಚಿಕೊಂಡೇ ಇತ್ತು. ಗುದ್ದು ಬೀಳಲಿ ಎಂದು ಕಾದೆ. ಬಿದ್ದವು. ಬೇಕೆಂದೇ ಹೊನ್ನಿ ಎಂದೆ.

ಅವನ ಮಗನಿಗೆ ಹೆಸರು ಹೇಳುವ ಹಕ್ಕು ಇದರಿಂದ ತಪ್ಪಿದರೆ ತಪ್ಪಲಿ, ಸುಳ್ಳು ಹೇಳಿದ ಬಾಯಿಂದ ಇನ್ನೊಂದು ಕಿವಿಗೆ ಬಗ್ಗಲಾರೆ ಎಂದುಕೊಂಡು ನಿನ್ನೆ ಮಧ್ಯಾಹ್ನ ಅವನಿಗೆ ಫೋನು ಮಾಡಿದೆ. ಡಿಪೋದಲ್ಲಿದ್ದ.

“ತಮ್ಮಾ, ಅವತ್ತು ನಾನು ಹೆಸರು ಮರೆತಿರಲಿಲ್ಲ,” ಎಂದೆ.

“ಏನಂದಿ? ಇಲ್ಲೆ ಬಸ್ ಸ್ಟಾರ್ಟ್ ಮಾಡ್ಯಾರ, ಏನೂ ಕೇಳವಲ್ದು. ಜೋರಾಗಿ ಹೇಳು!”

ಜಂಪರ್ ಬಟ್ಟೆ ಕೊಡಲು ಬಂದ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಎದುರಿಗೆ ಬೀಬಿ ಬಳೆ ಪೋಣಿಸುತ್ತಾ ಕೂತಿದ್ದಳು. ಕಿವಿಯಲ್ಲಿ ಹೇಳಿ ಮುಚ್ಚಿಟ್ಟ ಮಾತನ್ನು ನಾನು ಓಣಿಗೆಲ್ಲ ಕೇಳುವಂತೆ ಕೂಗಬೇಕಾಯಿತು. “ನಾನು ಹೆಸರು ಮರೆತಿರಲಿಲ್ಲ! ಬೇಕಂತ ಅವ್ವನ ಹೆಸರು ಹೇಳಿದೆ! ನಿನಗ ಸುಳ್ಳು ಹೇಳಿದೆ!”

ಆ ಕಡೆ ಬಸ್ಸಿನ ಸದ್ದು ನಿಂತಿತು.

“ನನಗರ ಹೇಳಬೇಕಿತ್ತು, ಯಕ್ಕಾ,” ಎಂದ. ದನಿ ಸಣ್ಣದಾಗಿತ್ತು. “ಅವ್ವ ನನಗೂ ಅವ್ವನ.”

“ಹೌದಪ್ಪ.”

ಆಮೇಲೆ, “ಹಂಗಾದ್ರ ಈ ಸಲ ಮೊದಲ್ನೇ ಗುದ್ದು ನಂದು,” ಎಂದ.

“ಗಂಡಸರು ಗುದ್ದೋ ಪದ್ಧತಿ ಇಲ್ಲಲೇ ನಮ್ಮಾಗ.”

“ಕಿವ್ಯಾಗ ಬ್ಯಾರೆ ಹೆಸರು ಹೇಳೋ ಪದ್ಧತಿ ಇತ್ತೇನು?”

ನನಗೆ ನಗುವೂ ಬಂತು, ಅಳುವೂ ಬಂತು. ಫೋನು ಇಡುವ ಮೊದಲು ಅವನು ಇನ್ನೊಂದು ಕೇಳಿದ. “ಮತ್ತ ಅವ್ವನ ಹೆಸರು ಹೇಳಿದಾಗ ಕೂಸು ಏನ್ಮಾಡ್ತು?”

“ಕಣ್ಣು ಬಿಟ್ಟು ನೋಡ್ತು. ಆಮ್ಯಾಲೆ ಆಕಳಿಸ್ತು.”

“ಹಂಗಾದ್ರ ಸರಿಯಾಗೇ ಇಟ್ಟಿ ಬಿಡು,” ಎಂದ.

ಕಾರ್ಯಕ್ಕೆ ಉಡುವ ಸೀರೆ ತೆಗೆದಿಟ್ಟಿದ್ದೇನೆ. ಅದಕ್ಕೆ ಹೊಸ ಜಂಪರ್ ಹೊಲಿಯುತ್ತಿದ್ದೇನೆ. ಹದಿನೈದು ವರ್ಷ ಡಿಪೋದಲ್ಲಿ ಸ್ಪ್ಯಾನರ್ ಹಿಡಿದ ಕೈ ಅವನದು, ಆದ್ದರಿಂದ ಬೆನ್ನಿಗೆ ಅಸ್ತರು ಎರಡು ಪದರ ಕೊಟ್ಟಿದ್ದೇನೆ.